ಒಪ್ಪಂದದ ರಾತ್ರಿ: ನೆಹರೂ ಆತ್ಮಕಥೆಯ ಒಂದು ಅಧ್ಯಾಯ

ರಾಜಕೀಯ ಪಕ್ಷವೊಂದಕ್ಕೆ ಮನಸ್ಸನ್ನು ಒಪ್ಪಿಸಿದವನಿಗೆ ಎದುರಾಳಿಯ ಕೈಯಿಂದ ಬರುವ ಪೆಟ್ಟು ಅಷ್ಟಾಗಿ ನೋಯಿಸುವುದಿಲ್ಲ. ಅದನ್ನು ಅವನು ಮೊದಲೇ ಎಣಿಸಿರುತ್ತಾನೆ. ತನ್ನವರೇ ಎದುರಾಳಿಯೊಡನೆ ಕುಳಿತು ರಾಜಿಯ ಕಾಗದಕ್ಕೆ ಒಪ್ಪಿಗೆಯಿತ್ತರೆಂಬ ವಾರ್ತೆ ಬಂದಾಗ ಆಗುವ ನೋವೇ ಬೇರೆ. ಈ ನೋವನ್ನು ಸಭೆಗಳ ಠರಾವುಗಳಲ್ಲಿ ಹುಡುಕಿದರೆ ದೊರೆಯದು. ಅಲ್ಲಿ ಎಲ್ಲರ ಕೈಯೂ ಮೇಲೆದ್ದಿರುತ್ತದೆ. ಪಂಡಿತ ಜವಾಹರಲಾಲ ನೆಹರೂ ಅವರ ಆತ್ಮಕಥೆಯಲ್ಲಿ ದಿಲ್ಲಿಯ ಒಪ್ಪಂದವನ್ನು ಕುರಿತ ಅಧ್ಯಾಯವು ಇದಕ್ಕಾಗಿಯೇ ಮತ್ತೆ ಮತ್ತೆ ಓದತಕ್ಕದ್ದಾಗಿದೆ.

1929ರ ಡಿಸೆಂಬರಿನಲ್ಲಿ ಲಾಹೋರಿನ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ಸಾರಿತು. ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ನೆಹರೂ ಅವರೇ. ಮರುವರ್ಷ ಉಪ್ಪಿನ ಸತ್ಯಾಗ್ರಹ, ಲಾಠಿಯೇಟು, ಸೆರೆಮನೆ. 1931ರ ಫೆಬ್ರುವರಿ 6ರಂದು ತಂದೆ ಮೋತಿಲಾಲರು ತೀರಿಕೊಂಡರು. ಆ ದುಃಖ ಇನ್ನೂ ಹಸಿಯಾಗಿರುವಾಗಲೇ ಗಾಂಧೀಜಿಯವರು ವೈಸರಾಯ್ ಇರ್ವಿನ್ನರೊಡನೆ ಸಂಧಾನಕ್ಕೆ ಕುಳಿತರು. ಮಾರ್ಚ್ 4ರ ರಾತ್ರಿ ಡಾಕ್ಟರ್ ಅನ್ಸಾರಿಯವರ ಮನೆಯಲ್ಲಿ ಎಲ್ಲರೂ ನಡುರಾತ್ರಿಯವರೆಗೆ ಕಾದು ಮಲಗಿದರು. ಸುಮಾರು ಎರಡು ಗಂಟೆಗೆ ಅವರನ್ನು ಎಬ್ಬಿಸಿ, ಒಪ್ಪಂದವಾಯಿತೆಂದು ತಿಳಿಸಲಾಯಿತು. ಕಲಮುಗಳಲ್ಲಿ ಹೆಚ್ಚಿನವು ನೆಹರೂ ಅವರಿಗೆ ಮೊದಲೇ ಗೊತ್ತಿದ್ದವು. ಆದರೆ ಮುಂದಿನ ರಾಜ್ಯಾಂಗದಲ್ಲಿ ಆಂಗ್ಲರು ಬಯಸಿದ ರಕ್ಷಣೋಪಾಯಗಳಿಗೆ ಎಡೆಗೊಡುವ ಎರಡನೆಯ ಕಲಮು ಅವರಿಗೆ ಸಿಡಿಲಿನಂತೆ ಎರಗಿತು. ಲಾಹೋರಿನ ಪ್ರತಿಜ್ಞೆ ಎಲ್ಲಿ, ಈ ಕಲಮು ಎಲ್ಲಿ!

ಇಲ್ಲಿ ಲೇಖಕರು ತೋರಿದ ಸಂಯಮವು ಮೆಚ್ಚತಕ್ಕದ್ದು. ವಾದವಿಲ್ಲ, ಆಕ್ರೋಶವಿಲ್ಲ. ಏನೂ ಹೇಳದೆ ಹೋಗಿ ಮಲಗಿದೆನೆಂದು ಬರೆಯುತ್ತಾರೆ. ಹೇಳುವುದಕ್ಕೇನಿತ್ತು, ಮುಖಂಡರು ಮಾತು ಕೊಟ್ಟಾಗಿತ್ತು. ಹಾಸಿಗೆಯಲ್ಲಿ ಬಿದ್ದುಕೊಂಡು, ಇಷ್ಟಕ್ಕೇ ಏನು ನಮ್ಮ ಜನ ಒಂದು ವರ್ಷ ಅಷ್ಟು ಧೈರ್ಯದಿಂದ ನಡೆದುಕೊಂಡದ್ದು ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ಎಲಿಯಟ್ ಕವಿಯ ‘ಪೊಳ್ಳು ಮನುಷ್ಯರು’ ಎಂಬ ಕವಿತೆಯ ಕೊನೆಯ ಸಾಲುಗಳನ್ನು ನೆನೆಯುತ್ತಾರೆ. ಭಾರತದ ಹೋರಾಟದ ನಡುವೆ ಆಂಗ್ಲ ಕವಿಯ ಮಾತೇಕೆಂದು ಕೆಲವು ವಾಚಕರಿಗೆ ಮುಜುಗರವಾಗಬಹುದು. ಹ್ಯಾರೋ, ಕೇಂಬ್ರಿಜ್ಜುಗಳಲ್ಲಿ ಬೆಳೆದ ಮನಸ್ಸು ಸಂಕಟದಲ್ಲಿ ತಾನು ಓದಿದ್ದನ್ನೇ ನೆನೆಯುವುದು ಸಹಜ; ಬೇರೆ ಯಾವುದನ್ನಾದರೂ ತಂದಿದ್ದರೆ ಅದೇ ಕೃತಕವಾಗುತ್ತಿತ್ತು.

ಅಧ್ಯಾಯದ ನಿಜವಾದ ಮರ್ಮವಿರುವುದು ಮುಂದಿನ ಬೆಳಗಿನಲ್ಲಿ. ಶಿಷ್ಯನ ಸಂಕಟವನ್ನು ಇತರರಿಂದ ಅರಿತ ಗಾಂಧೀಜಿ ತಮ್ಮ ನಿತ್ಯದ ನಡಿಗೆಗೆ ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ತತ್ತ್ವವೇನೂ ಹೋಗಿಲ್ಲವೆಂದು ವಿವರಿಸುತ್ತಾರೆ. ಆ ವಿವರಣೆ ನೆಹರೂ ಅವರಿಗೆ ಒಪ್ಪಿಗೆಯಾಗುವುದಿಲ್ಲ. ಆದರೂ ಮನಸ್ಸು ಸ್ವಲ್ಪ ತಣಿಯುತ್ತದೆ. ಹದಿನಾಲ್ಕು ವರ್ಷಗಳ ನಿಕಟ ಸಹವಾಸವಾದರೂ ತಮ್ಮಲ್ಲಿ ಏನೋ ಒಂದು ಅಜ್ಞಾತವಾದದ್ದಿದೆ, ಹೀಗೆ ಹಠಾತ್ತಾಗಿ ನೀವು ಮಾಡುವುದು ಭಯ ಹುಟ್ಟಿಸುತ್ತದೆ ಎಂದು ಅವರು ನೇರವಾಗಿ ಹೇಳಿಬಿಡುತ್ತಾರೆ. ಗುರುವೂ ಅದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ತಾನೂ ಹೊಣೆ ಹೇಳಲಾರೆನೆನ್ನುತ್ತಾರೆ. ಕಲಮಿನಿಂದ ಆದ ನಿರಾಶೆ ಇಲ್ಲಿಗೆ ಹಿಂದೆ ಬಿದ್ದು, ಜೊತೆಯಲ್ಲಿ ನಡೆಯುವವನನ್ನೇ ತಾನು ಅರಿಯಲಿಲ್ಲವೆಂಬ ಅಂಜಿಕೆ ಮುಂದೆ ಬರುತ್ತದೆ. ಸುಭಾಷಚಂದ್ರ ಬೋಸರು 1935ರಲ್ಲಿ ಪ್ರಕಟಿಸಿದ ‘ಭಾರತದ ಹೋರಾಟ’ವು ಇದೇ ಒಪ್ಪಂದವನ್ನು ಹೆಚ್ಚು ಕಟುವಾಗಿ ಟೀಕಿಸುತ್ತದೆ; ಆದರೆ ಅಲ್ಲಿರುವುದು ಲಾಭನಷ್ಟಗಳ ಲೆಕ್ಕ. ಲೆಕ್ಕ ಸರಿಯೇ ಇರಬಹುದು, ಮುರಿದ ಮನಸ್ಸು ಅದರಲ್ಲಿ ಕಾಣದು.

ಒಂದು ಸಂಗತಿಯನ್ನು ಮರೆಯಬಾರದು. ಈ ಗ್ರಂಥವನ್ನು ಬಹುಮಟ್ಟಿಗೆ ಸೆರೆಮನೆಯಲ್ಲಿಯೇ 1934ರ ಜೂನಿನಿಂದ 1935ರ ಫೆಬ್ರುವರಿಯವರೆಗೆ ಬರೆದದ್ದು. 1934ರ ಏಪ್ರಿಲಿನಲ್ಲಿ ಗಾಂಧೀಜಿ ಸವಿನಯ ಕಾನೂನುಭಂಗವನ್ನು ನಿಲ್ಲಿಸಿದರು. ಬಹುಕಾಲದ ಸಂಗಡಿಗನೊಬ್ಬನು ಸೆರೆಮನೆಯ ಕೆಲಸಕ್ಕಿಂತ ತನ್ನ ಓದನ್ನು ಬಯಸಿದನೆಂಬುದನ್ನು ಅದಕ್ಕೆ ಕಾರಣಗಳಲ್ಲೊಂದಾಗಿ ಕೊಟ್ಟರು. ಅದನ್ನು ಕಲ್ಕತ್ತೆಯ ಆಲಿಪುರದ ಸೆರೆಯಲ್ಲಿ ಓದಿದಾಗ ತಮ್ಮನ್ನು ಕಟ್ಟಿದ್ದ ನಿಷ್ಠೆಯ ತಂತಿಗಳೇ ಹರಿದಂತಾಯಿತೆಂಬ ಭಾವವನ್ನು ನೆಹರೂ ಇದೇ ಪುಸ್ತಕದಲ್ಲಿ ತೋಡಿಕೊಂಡಿದ್ದಾರೆ. ಹೀಗಿರುವಾಗ 1931ರ ರಾತ್ರಿಯ ಚಿತ್ರಕ್ಕೆ 1934ರ ಬಣ್ಣ ಕೊಂಚವೂ ಹತ್ತಿಲ್ಲವೆನ್ನುವುದು ಹೇಗೆ? ಆ ಅಜ್ಞಾತದ ಮಾತಿಗೆ ಇಷ್ಟು ಭಾರ ಬಂದುದು ಹೊಸ ಗಾಯದಿಂದಲೇ ಇರಬೇಕು. ಇದು ಗ್ರಂಥದ ದೋಷವಲ್ಲ. 1922ರಲ್ಲಿ ಚೌರಿಚೌರದ ಬಳಿಕ ಚಳುವಳಿ ನಿಂತಾಗಿನ ಕೋಪವನ್ನು ಹೇಳುವಲ್ಲಿ ಅವರು ಗಾಂಧೀಜಿಯ ಪರವಾದ ಕಾರಣಗಳನ್ನೂ ಶಾಂತವಾಗಿ ತೂಗುತ್ತಾರೆ. ಹಳೆಯ ಗಾಯಕ್ಕೆ ಆ ಶಾಂತಿ ಸಾಧ್ಯ.

ಅಧ್ಯಾಯದ ದುರ್ಬಲವಾದ ಭಾಗ ಕರಾಚಿ. ಮಾರ್ಚ್ 23ರಂದು ಭಗತಸಿಂಗ್, ರಾಜಗುರು, ಸುಖದೇವರು ಗಲ್ಲಿಗೇರಿದ್ದರು. ತರುಣರು ಗಾಂಧೀಜಿಗೆ ಕಪ್ಪು ಬಾವುಟ ಹಿಡಿದರು. ಆ ಕಾಂಗ್ರೆಸ್ಸಿನಲ್ಲಿ ಒಪ್ಪಂದವನ್ನು ಎತ್ತಿಹಿಡಿಯುವ ಠರಾವನ್ನು ಮಂಡಿಸಿದವರು ಇದೇ ನೆಹರೂ! ಕೊನೆಯ ಗಳಿಗೆಯವರೆಗೆ ತೂಗಾಡಿದುದನ್ನೂ, ಅರೆಮನಸ್ಸಿನ ಮೌನ ತಕ್ಕುದಲ್ಲವೆಂದು ಎದ್ದು ಮಾತಾಡಿದುದನ್ನೂ ಅವರು ಮುಚ್ಚಿಡುವುದಿಲ್ಲ. ಆದರೆ ಒಂದು ರಾತ್ರಿಗೆ ಅಷ್ಟು ಸ್ಥಳವಿತ್ತ ಲೇಖನಿ ಈ ತಿರುವಿನಲ್ಲಿ ಅವಸರಪಡುತ್ತದೆ. ಒಪ್ಪದ ರಾಜಿಯನ್ನು ಮನುಷ್ಯ ಹೇಗೆ ತನ್ನದಾಗಿ ಮಾಡಿಕೊಳ್ಳುತ್ತಾನೆಂಬುದೇ ವಾಚಕನು ತಿಳಿಯಬಯಸುವ ವಿಷಯ. ಅದು ಇಲ್ಲಿ ಅರ್ಧವಾಗಿ ಉಳಿದಿದೆ.

ನೆಹರೂ ಅವರನ್ನು ನೋಯಿಸಿದ್ದು ಎರಡನೆಯ ಕಲಮು. ಗುಜರಾತಿನ ರೈತನಿಗೂ, ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆಗೆ ನಿಂತ ಉತ್ತರ ಕನ್ನಡದ ಒಕ್ಕಲಿಗನಿಗೂ ಮುಖ್ಯವಾದದ್ದು ಕೆಳಗಿನ ಇನ್ನೊಂದು ಕಲಮು. ಜಪ್ತಿಯಾಗಿ ಪರರಿಗೆ ಮಾರಾಟವಾದ ಸ್ಥಿರಾಸ್ತಿಯ ವ್ಯವಹಾರವು ಸರಕಾರದ ಮಟ್ಟಿಗೆ ಮುಗಿದುದೆಂದು ಅದು ಹೇಳುತ್ತದೆ; ಅದರ ಕೆಳಗೆ, ಇಂಥ ಮಾರಾಟಗಳಲ್ಲಿ ಕೆಲವಾದರೂ ಅನ್ಯಾಯದವೆಂಬ ಗಾಂಧೀಜಿಯವರ ಆಕ್ಷೇಪವೂ, ಅದನ್ನು ಒಪ್ಪಲಾಗದೆಂಬ ಸರಕಾರದ ಉತ್ತರವೂ ಅಚ್ಚಾಗಿವೆ. ಆ ಮನೆಗಳ ರಾತ್ರಿಯನ್ನು ಬರೆದ ಅಧ್ಯಾಯವಿಲ್ಲ. ಮುಂಬಯಿ ಪ್ರಾಂತದ ಶಾಸನಸಭೆಯು ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸಲು 1938ರಲ್ಲಿ ಕಾಯಿದೆ ಮಾಡುವಷ್ಟರಲ್ಲಿ ಏಳು ಮಳೆಗಾಲಗಳು ಕಳೆದಿದ್ದವು.