ಒಂದೇ ಪ್ಲೇಟು ಹಚ್ಚಿ ಕೂಡ್ರಿ

ಭೀಮಸೇನ ಜೋಶಿಯವರ ಬಾಲ್ಯದ ಕತೆಯನ್ನು ಗದಗ-ಬೆಟಗೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಹುಡುಗ, ಗದಗಿನಲ್ಲಿ ಬೆಳೆದ, ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಓಡಿಹೋದ ಭಾಗವನ್ನೇ ಎಲ್ಲರೂ ಹಿಗ್ಗಿಸಿ ಹೇಳುವುದು. ಹೊಸದಾಗಿ ಹಿಂದುಸ್ತಾನಿ ಸಂಗೀತ ಕೇಳಲು ಕೂಡ್ರುವವರಿಗೆ ಬೇಕಾದದ್ದು ಅದಕ್ಕಿಂತ ಹಿಂದಿನ ಭಾಗ. ಗ್ರಾಮಾಫೋನ್ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಜಿಂಝೋಟಿ ಠುಮ್ರಿಯ ಪ್ಲೇಟು ಹಚ್ಚುತ್ತಿದ್ದರು, ಹುಡುಗ ನಿಂತು ಕೇಳುತ್ತಿದ್ದ. ಮೂರು ನಿಮಿಷ ಮತ್ತೊಂದಿಷ್ಟು ಚಿಲ್ಲರೆ, ಅಷ್ಟೇ ಸಂಗೀತ. ಹಾಗೆ ಹಾಡಬೇಕು ಎಂಬ ಹಟ ಹತ್ತಿದ್ದು ಅದರಿಂದಲೇ.

ನಮ್ಮ ಮೊಬೈಲಿನಲ್ಲಿ ಆ ಠುಮ್ರಿ ಈಗ ಪುಕ್ಕಟೆ ಸಿಗುತ್ತದೆ. ಅದು ಮುಗಿಯುವ ಮೊದಲೇ ಮುಂದಿನದು, ಅದರ ಮುಂದಿನದು ಸಾಲುಗಟ್ಟಿ ನಿಂತಿರುತ್ತವೆ. ಶುಕ್ರವಾರಕ್ಕೊಂದು ಹೊಸ ಹಾಡು, ಸೋಮವಾರಕ್ಕೆ ಅದು ಹಳತು. ಹೊಸದನ್ನು ಕೇಳಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಕಿವಿ ಹದಗೊಳ್ಳಬೇಕಾದರೆ ಒಂದು ತಿಂಗಳ ಮಟ್ಟಿಗಾದರೂ ಈ ಒಂದೇ ಠುಮ್ರಿಯ ಬೆನ್ನು ಹತ್ತಿ.

ಇದಕ್ಕೆ ಸಾವಿರಾರು ರೂಪಾಯಿ ಸುರಿದು ರಿಕಾರ್ಡ್ ಪ್ಲೇಯರ್ ತರುವ ಖಯಾಲಿ ಬೇಡ. ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಚಾವಿ ಕೊಡುವ ಪೆಟ್ಟಿಗೆ ಇದ್ದರೆ ಅದು ಭಾಗ್ಯ, ಇಲ್ಲದಿದ್ದರೆ ಸಾಧಾರಣ ಸ್ಪೀಕರೇ ಸಾಕು. ಎರಡು ಎಚ್ಚರಿಕೆ ಮಾತ್ರ ಇರಲಿ. ಹಳೆಯ ರಿಕಾರ್ಡಿನ ಕರಕರ ಸದ್ದನ್ನು ಪೂರ್ತಿ ತೊಳೆದು ಹಾಕಿದ ಪ್ರತಿಯಲ್ಲಿ ಎಷ್ಟೋ ಸಲ ದನಿಯ ಅಂಚೂ ತೊಳೆದುಹೋಗಿರುತ್ತದೆ. ಸದ್ದಿದ್ದರೂ ಚಿಂತೆಯಿಲ್ಲ, ದನಿ ಜೀವಂತವಿರುವ ಪ್ರತಿ ಹುಡುಕಿ. ಇನ್ನೊಂದು, ಪ್ಲೇಟು ತಿರುಗುವ ವೇಗ ತುಸು ಹೆಚ್ಚುಕಡಿಮೆಯಾದರೂ ಶ್ರುತಿ ಬದಲಾಗುತ್ತದೆ. ಎರಡು ಪ್ರತಿಗಳಲ್ಲಿ ಖಾನರ ದನಿ ಬೇರೆ ಬೇರೆ ಎತ್ತರದಲ್ಲಿ ಕೇಳಿಸಿದರೆ ಗಾಬರಿ ಬೀಳಬೇಡಿ, ನಿಮ್ಮ ಕಿವಿ ಕೆಲಸಕ್ಕೆ ಹತ್ತಿದೆ ಎಂದರ್ಥ.

ಮೊದಲ ಕೆಲವು ದಿನ ಏನನ್ನೂ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಷಡ್ಜ, ಅಂದರೆ ಸಾ, ಎಲ್ಲಿದೆ ಅಷ್ಟನ್ನು ಹಿಡಿಯಿರಿ. ಹಾಡಿನ ಜೊತೆ ಬಾಯಿ ಮುಚ್ಚಿ ಹೂಂಗುಟ್ಟುತ್ತಾ ಹೋದರೆ, ಬಂದು ನಿಂತಾಗ ಹಾಯೆನಿಸುವ ಒಂದು ಜಾಗ ತಾನೇ ಸಿಗುತ್ತದೆ. ಅದು ಸಿಕ್ಕ ಮೇಲೆ ಅಲ್ಲಿಂದ ಕೆಳಗೆ ಗಮನ ಇಡಿ. ಜಿಂಝೋಟಿ ಮಂದ್ರದ ಧೈವತಕ್ಕೆ ಇಳಿದು, ಅಲ್ಲಿಂದ ಸಾ, ರೇ, ಮಾ ಹತ್ತಿ ಗಾಂಧಾರಕ್ಕೆ ಬಂದು ಕೂಡ್ರುವ ರಾಗ. ಈ ಒಂದು ಓಟ ಗುರುತಾಯಿತೆಂದರೆ ರಾಗದ ಹೆಸರು ಹೇಳುವವರು ಪಕ್ಕದಲ್ಲಿ ಬೇಕಾಗಿಲ್ಲ.

ಆಮೇಲೆ ಮಾತಿಗೆ ಬನ್ನಿ. ಪ್ರಿಯ ಬಳಿಯಿಲ್ಲ, ಜೀವಕ್ಕೆ ನೆಮ್ಮದಿಯಿಲ್ಲ: ಸಾಹಿತ್ಯ ಇಷ್ಟೇ. ಹಿಂದಿ ಬಾರದವರಿಗೂ ಇಷ್ಟು ತಿಳಿದರೆ ಸಾಕು, ಏಕೆಂದರೆ ಠುಮ್ರಿಯಲ್ಲಿ ಕಡಿಮೆ ಮಾತನ್ನೇ ಮತ್ತೆ ಮತ್ತೆ ಬಳಸಿ ಹಾಡುವುದು ರೂಢಿ. ಅದೇ ಸಾಲು ಮರಳಿ ಬಂದಾಗ ಯಾವ ಅಕ್ಷರವನ್ನು ಎಳೆದರು, ಯಾವುದನ್ನು ನುಂಗಿದರು, ಉಸಿರು ಎಲ್ಲಿ ತೆಗೆದರು? ಒಂದು ಸಂಜೆ ಇದನ್ನೇ ಗಮನಿಸಿ. ಇನ್ನೊಂದು ಸಂಜೆ ಹಾಡುಗಾರರನ್ನು ಬಿಟ್ಟು ತಬಲಾ ಒಂದನ್ನೇ ಕೇಳಿ; ಠೇಕಾ ಕೈಬೆರಳಿನಲ್ಲಿ ಎಣಿಸುವಷ್ಟು ಸರಳ, ಆದರೆ ದನಿ ಅದರ ಮೇಲೆ ಸರಿಯಾಗಿ ಯಾವಾಗ ಬಂದು ಕೂಡುತ್ತದೆ, ಯಾವಾಗ ತಡಮಾಡಿ ಕಾಡಿಸುತ್ತದೆ ಎಂಬುದು ಸರಳವಲ್ಲ. ಬಾಯಿ ತೆರೆದು ಗರ್ಜಿಸುವ ದನಿಯಲ್ಲ ಖಾನರದು. ತೆಳು, ತುಸು ಮೂಗಿನದು ಎಂದು ಮೊದಲಿಗೆ ಅನ್ನಿಸಬಹುದು. ಹತ್ತಾರು ಸಲ ಕೇಳಿದ ಮೇಲೆ ಆ ತೆಳುತನದೊಳಗೇ ಸ್ವರ ಎಷ್ಟು ಕರಾರುವಾಕ್ಕಾಗಿ ನಿಂತಿದೆ ಎಂದು ತಿಳಿಯುತ್ತದೆ. ಇದು ನಾನು ಹೇಳಿ ನೀವು ನಂಬುವ ಸಂಗತಿಯಲ್ಲ.

ತಿಂಗಳು ಕಳೆದ ಮೇಲೆ ಇದೇ ಠುಮ್ರಿಯನ್ನು ಕೆ. ಎಲ್. ಸೈಗಲ್ 1935ರ ‘ದೇವದಾಸ್’ ಚಿತ್ರಕ್ಕೆ ಹಾಡಿದ್ದನ್ನು ಕೇಳಿ. ಸೈಗಲ್ ಮಾತನ್ನು ಕಿವಿಯ ಹತ್ತಿರ ತಂದು ಹೇಳುತ್ತಾರೆ, ಖಾನರು ಮಾತನ್ನು ಸ್ವರದೊಳಗೆ ಕರಗಿಸುತ್ತಾರೆ. ಕೊನೆಗೆ ಭೀಮಸೇನರು ದೊಡ್ಡವರಾದ ಮೇಲೆ ಹಾಡಿದ್ದನ್ನು ಹಚ್ಚಿ. ಅಂಗಡಿಯೆದುರು ನಿಂತ ಹುಡುಗ ಖಾನರಿಂದ ಏನು ಎತ್ತಿಕೊಂಡ, ಏನನ್ನು ಅಲ್ಲೇ ಬಿಟ್ಟ? ಮೊದಲನೆಯದು ಬಾಯಿಪಾಠ ಆಗದೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಮೂರನ್ನೂ ಒಂದೇ ದಿನ ಕೇಳಿದವರು ‘ಮೂರೂ ಚಲೋ ಅದಾವ’ ಎಂದು ಹೇಳಿ ಎದ್ದು ಹೋಗುತ್ತಾರೆ.

ಕಲಿಕೆಯೂ ಹೀಗೇ ನಡೆದದ್ದು. ಊರೂರು ಅಲೆದು ಮರಳಿದ ಭೀಮಸೇನರು 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಬಳಿ ಸೇರಿದರು. ಗುರುಗಳು ವರ್ಷಗಟ್ಟಲೆ ತಿದ್ದಿಸಿದ್ದು ಮುಖ್ಯವಾಗಿ ಮೂರೇ ರಾಗ: ತೋಡಿ, ಮುಲ್ತಾನಿ, ಪೂರಿಯಾ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲೂ ಅದೇ ರೀತಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನದ ಜೊತೆ ಸ್ವರ ಕೊಟ್ಟರು. ಗಾಯಕ ಎಂ. ವೆಂಕಟೇಶಕುಮಾರ್ ಅಲ್ಲಿ ಇದ್ದದ್ದು ಸುಮಾರು ಹನ್ನೆರಡು ವರ್ಷ. ಕಲಿಯುವವರಿಗೆ ಹನ್ನೆರಡು ವರ್ಷ ಬೇಕಾದರೆ ಕೇಳುವವರು ಹನ್ನೆರಡು ಸಲ ಕೇಳುವುದಕ್ಕೆ ಬೇಸರಪಡಬಾರದು.

ಹಿಂದಿ ಠುಮ್ರಿ ದೂರ ಎನಿಸಿದರೆ ಕನ್ನಡದಿಂದಲೇ ಶುರುಮಾಡಿ. ಭೀಮಸೇನರ ದಾಸವಾಣಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಮನೆಯಲ್ಲೂ ಇದೆ. ತೊಂದರೆಯೆಂದರೆ ಅದನ್ನು ಯಾರೂ ಕೂತು ಕೇಳುವುದಿಲ್ಲ, ದೇವರ ಮನೆಯಲ್ಲಿ ಊದಿನಕಡ್ಡಿಯ ಜೊತೆ ಹಚ್ಚಿಟ್ಟು ಅಡುಗೆಮನೆಗೆ ಹೋಗುತ್ತಾರೆ. ಒಂದು ಪದ ಆರಿಸಿಕೊಂಡು, ಕೈಯಲ್ಲಿ ಕೆಲಸ ಇಟ್ಟುಕೊಳ್ಳದೆ, ಕಣ್ಣು ಮುಚ್ಚಿ ಕೇಳಿ. ಪಲ್ಲವಿ ಪ್ರತಿ ಸಲ ಒಂದೇ ರೀತಿ ಬರುತ್ತಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದರೆ ಅದು ಅಲ್ಲೇ ಸುಳ್ಳಾಗುತ್ತದೆ.

ಇಷ್ಟಾದ ಮೇಲೆ ಎದುರಿಗೆ ಕೂತು ಕೇಳುವ ಸಂಗೀತಕ್ಕೆ ಹೋಗಬಹುದು. ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಗೀರ ವಾಡೆಯಲ್ಲಿ ಸಂಗೀತೋತ್ಸವ ನಡೆಯುತ್ತದೆ. ಲಕ್ಷ್ಮೇಶ್ವರದವರಿಗೆ ಅದು ದೂರದ ಹಾದಿಯೂ ಅಲ್ಲ. ಮುಂದಿನ ಸಾಲಿಗೆ ಮುಗಿಬೀಳಬೇಡಿ. ಕಂಬದ ಪಕ್ಕ ಹಳೆಯ ಕೇಳುಗರು ಕೂತಿರುತ್ತಾರೆ, ಅಲ್ಲಿ ಜಾಗ ಮಾಡಿಕೊಳ್ಳಿ. ಅವರು ತಲೆದೂಗುವುದು ಯಾವ ಜಾಗದಲ್ಲಿ ಎಂದು ನೋಡುತ್ತಿರಿ, ನಿಮಗೇನೂ ಕೇಳಿಸದ ಕಡೆ ಅವರು ‘ಆಹಾ’ ಎಂದರೆ ಬಿಡುವಿನಲ್ಲಿ ಚಹಾ ಕುಡಿಯುವಾಗ ಸಂಕೋಚ ಬಿಟ್ಟು ಕೇಳಿ: ‘ಯಜಮಾನ್ರ, ಅಲ್ಲೇನಾತ್ರೀ?’