ದುಡಿದ ಮೈಗೂ ಯೋಗ ಬೇಕು

ಬಿಕ್ಕೋಡಿನ ಕಡೆ ಯೋಗದ ಮಾತು ತೆಗೆದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: 'ಬೆಳಗಿಂದ ಸಂಜೆಗಂಟ ತೋಟದಲ್ಲಿ ಬಗ್ಗಿ ಎದ್ದು ಮಾಡೋರಿಗೆ ಇನ್ಯಾವ ಯೋಗ? ಅದೆಲ್ಲ ಬೆಂಗಳೂರಲ್ಲಿ ಕುರ್ಚಿ ಮೇಲೆ ಕೂತಿರೋರಿಗೆ.' ಈ ಮಾತನ್ನು ನಾನು ಒಪ್ಪುವುದಿಲ್ಲ. ದುಡಿಮೆ ಮೈಯನ್ನು ಗಟ್ಟಿ ಮಾಡುತ್ತದೆ, ನಿಜ. ಆದರೆ ಒಂದೇ ದಿಕ್ಕಿಗೆ ಗಟ್ಟಿ ಮಾಡುತ್ತದೆ.

ಕೊಯ್ಲಿನ ದಿನಗಳನ್ನೇ ನೋಡಿ. ಸೊಂಟಕ್ಕೆ ಚೀಲ ಕಟ್ಟಿಕೊಂಡು ರೋಬಸ್ಟಾ ರೆಂಬೆ ಬಗ್ಗಿಸಿ ಹಣ್ಣು ಬಿಡಿಸುವ ಹೆಂಗಸಿನ ಭುಜಗಳು ಮುಂದಕ್ಕೆ ಬಾಗಿರುತ್ತವೆ, ಕತ್ತು ಜಗ್ಗಿರುತ್ತದೆ. ಕಸಿ ಮಾಡುವವನಿಗೆ ದಿನವಿಡೀ ಬಲಗೈಯದೇ ಕೆಲಸ. ಕಳೆ ಹೊಡೆಯುವ ಮೆಷಿನ್ ಹೆಗಲಿಗೆ ಹಾಕಿಕೊಂಡವನ ನಡು ಒಂದೇ ಬದಿಗೆ ತಿರುಗುತ್ತಿರುತ್ತದೆ. ಕಣದಲ್ಲಿ ಕಾಫಿ ಹರವುವವರದ್ದೂ ಬಗ್ಗಿದ ಬೆನ್ನೇ. ಬೆನ್ನುಮೂಳೆ ಹಿಂದಕ್ಕೆ ಬಾಗುವ ಸಂದರ್ಭ ಇಡೀ ದಿನದಲ್ಲಿ ಒಮ್ಮೆಯೂ ಬರುವುದಿಲ್ಲ. ಎದೆಯ ಸ್ನಾಯು ಕುಗ್ಗುತ್ತದೆ, ತೊಡೆಯ ಹಿಂಬದಿ ಬಿಗಿಯುತ್ತದೆ, ಉಸಿರು ಹೊಟ್ಟೆಗೆ ಇಳಿಯದೆ ಎದೆಯ ಮೇಲ್ಭಾಗದಲ್ಲೇ ಆಡತೊಡಗುತ್ತದೆ. ವಯಸ್ಸು ಐವತ್ತು ಮುಟ್ಟುವ ಹೊತ್ತಿಗೆ ಸೊಂಟ ಹಿಡಿಯುತ್ತದೆ.

ಆಸನಗಳ ಕೆಲಸ ಇಲ್ಲಿ ಶುರುವಾಗುತ್ತದೆ. ಭುಜಂಗಾಸನ, ಶಲಭಾಸನ, ಸೇತುಬಂಧ ಈ ಮೂರೂ ಬೆನ್ನನ್ನು ದುಡಿಮೆಯ ವಿರುದ್ಧ ದಿಕ್ಕಿಗೆ ಒಯ್ಯುತ್ತವೆ. ಅಧೋಮುಖ ಶ್ವಾನಾಸನ ತೊಡೆಯ ಹಿಂಬದಿಯನ್ನೂ ಭುಜವನ್ನೂ ಒಟ್ಟಿಗೆ ಬಿಡಿಸುತ್ತದೆ. ಮಳೆಗಾಲದಲ್ಲಿ ದಿನವೆಲ್ಲ ಗಂಬೂಟಿನಲ್ಲಿದ್ದ ಕಾಲಿಗೆ, ಗೋಡೆಗೆ ಪಾದ ಚಾಚಿ ಮಲಗುವ ವಿಪರೀತಕರಣಿಯಷ್ಟು ಹಿತವಾದದ್ದು ನನಗೆ ಬೇರೆ ಗೊತ್ತಿಲ್ಲ. ಇದು ಯೋಗಪ್ರಿಯರ ನಂಬಿಕೆ ಮಾತ್ರವಲ್ಲ. ಬಹುಕಾಲದ ಸೊಂಟನೋವಿಗೆ ಔಷಧಿಗಿಂತ ಮೊದಲು ಪ್ರಯತ್ನಿಸಬೇಕಾದ ಉಪಾಯಗಳ ಪಟ್ಟಿಯಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಯೋಗವನ್ನೂ ಸೇರಿಸಿತು. ಪವಾಡವೇನೂ ಆಗುವುದಿಲ್ಲ. ನೋವು ಒಂದಿಷ್ಟು ತಗ್ಗುತ್ತದೆ, ಬಗ್ಗಿ ಏಳುವುದು ಹಗುರವಾಗುತ್ತದೆ. ಬೆನ್ನಿನಿಂದಲೇ ಬದುಕುವವರಿಗೆ ಅದು ಸಣ್ಣ ಲಾಭವಲ್ಲ.

ಯೋಗ ನಮಗೆ ಹೊರಗಿನಿಂದ ಬಂದ ಪೇಟೆಯ ವಿದ್ಯೆ ಎಂದುಕೊಂಡವರಿಗೆ ನಮ್ಮದೇ ಹಾಸನ ಜಿಲ್ಲೆಯ ಕಥೆ ಹೇಳಲೇಬೇಕು. ಇಂದು ಜಗತ್ತು ಕಲಿಯುತ್ತಿರುವ ಆಸನಾಭ್ಯಾಸದ ದೊಡ್ಡ ಪಾಲು ತಿರುಮಲೈ ಕೃಷ್ಣಮಾಚಾರ್ಯರಿಂದ ಬಂದದ್ದು. 1888ರಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ಅವರು ಮೈಸೂರು ಅರಮನೆ ಸೇರುವ ಮೊದಲು ಮಾಡುತ್ತಿದ್ದ ಕೆಲಸ ಯಾವುದು ಗೊತ್ತೇ? ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಣೆ. ಅರ್ಧ ಚಡ್ಡಿ, ತಲೆಗೆ ಹ್ಯಾಟು, ಕೈಯಲ್ಲಿ ಕೋಲು ಹಿಡಿದು ತೋಟ ಸುತ್ತುತ್ತಿದ್ದ ಅವರ ಚಿತ್ರವನ್ನು ಭಾವಮೈದುನ ಬಿ.ಕೆ.ಎಸ್. ಅಯ್ಯಂಗಾರ್ ದಾಖಲಿಸಿದ್ದಾರೆ. ಕಾಫಿ ಗಿಡಗಳ ಸಾಲು, ಹಣ್ಣಿನ ಚೀಲ, ಆಳುಗಳ ಹಾಜರಿ ಎಲ್ಲವನ್ನೂ ಅವರು ಕಂಡಿದ್ದರು.

1927ರಲ್ಲಿ ಹಾಸನದ ಜುಬಿಲಿ ಹಾಲ್‌ನಲ್ಲಿ ಅವರು ಆಸನಗಳನ್ನು ಮಾಡಿ ತೋರಿಸಿದರು. ನೋಡಲು ಬಂದಿದ್ದವರಲ್ಲಿ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬನಿದ್ದ. ಮರುದಿನವೇ ಗುರುವಿನ ಮನೆ ಹುಡುಕಿಕೊಂಡು ಹೋದ ಆ ಹುಡುಗ ಮುಂದೆ ಕೆ. ಪಟ್ಟಾಭಿ ಜೋಯಿಸ್ ಆಗಿ, 1948ರಲ್ಲಿ ಮೈಸೂರಿನಲ್ಲಿ ಅಷ್ಟಾಂಗ ಯೋಗ ಸಂಶೋಧನಾಲಯ ತೆರೆದರು. ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ, ಜೋಯಿಸರ 'ಯೋಗ ಮಾಲಾ' 1962ರಲ್ಲಿ ಪ್ರಕಟವಾದವು. ಎರಡೂ ಮೊದಲು ಬಂದದ್ದು ಕನ್ನಡದಲ್ಲಿ. ಇಂಗ್ಲಿಷ್ ಓದುಗರು ಇವುಗಳಿಗಾಗಿ ದಶಕಗಳ ಕಾಲ ಕಾದರು. ನಮ್ಮ ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಈ ಎರಡು ಪುಸ್ತಕಗಳು ಇರಲೇಬೇಕು ಎಂಬುದು ನನ್ನ ಬಹುದಿನದ ಆಸೆ.

ಜೋಯಿಸರ ಹೆಸರು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ತಿದ್ದುವ ನೆಪದಲ್ಲಿ ಅವರು ತಮ್ಮನ್ನು ಮುಟ್ಟಬಾರದಂತೆ ಮುಟ್ಟಿದರೆಂದು ಅವರ ಹಲವು ಶಿಷ್ಯೆಯರು ಹೇಳಿದ್ದಾರೆ. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ನೊಂದವರ ಕ್ಷಮೆ ಕೋರಿದರು. ವಿದ್ಯೆ ದೊಡ್ಡದೆಂದು ಇದನ್ನು ಮುಚ್ಚಿಡಬಾರದು. ಕಲಿಸುವವರು ಮೈ ಮುಟ್ಟುವ ಮೊದಲು ಒಪ್ಪಿಗೆ ಕೇಳಲಿ, ಕಲಿಯುವವರು ಬೇಡ ಎನ್ನಲು ಅಳುಕದಿರಲಿ.

ಹೊಸಬರು ಎಲ್ಲಿಂದ ಶುರುಮಾಡಬೇಕು? ನಿಲ್ಲುವುದರಿಂದ. ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ನೋಡಿ ಹಾಗೇ ವಾಪಸಾಗಬೇಡಿ. ಪಕ್ಕದ ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಎರಡು ಪಾದದ ಮೇಲೂ ಸಮ ಭಾರ, ಮಂಡಿ ನೇರ, ತೋಳುಗಳು ಮೈಗೆ ತಾಗದಂತೆ ಇಳಿಬಿದ್ದಿವೆ, ಭುಜದಲ್ಲಿ ಎಳ್ಳಷ್ಟೂ ಬಿಗಿಯಿಲ್ಲ. ತಾಡಾಸನ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ವಿಡಿಯೋದಲ್ಲೂ ಸಿಗದು. ಹಾಗೆ ನಿಂತು ನೋಡಿದರೆ ಯಾವ ಕಾಲಿಗೆ ಹೆಚ್ಚು ಭಾರ ಕೊಡುತ್ತಿದ್ದೇವೆ, ಯಾವ ಭುಜ ಮೇಲೇರಿದೆ ಎಂಬುದು ಕೂಡಲೇ ತಿಳಿಯುತ್ತದೆ.

ಮನಸ್ಸಿನ ವಿಷಯಕ್ಕೆ ಬರುತ್ತೇನೆ. ಬೆಳೆಗಾರನ ಚಿಂತೆ ಸಣ್ಣದಲ್ಲ. ಹೂಮಳೆ ಹೊತ್ತಿಗೆ ಸರಿಯಾಗಿ ಬರಬೇಕು, ಕಣದಲ್ಲಿ ಕಾಫಿ ಇರುವಾಗ ಬರಬಾರದು, ಬೆಲೆ ನಿಲ್ಲಬೇಕು. ಇದರ ಮೇಲೆ ಕಾಡಾನೆ. ಬಿಕ್ಕೋಡು ಸುತ್ತಮುತ್ತ ಬೆಳಗಿನ ವಾಕಿಂಗ್ ಕೂಡ ಯಾವ ತಿರುವಿನಲ್ಲಿ ಆನೆ ನಿಂತಿದೆಯೋ ಎಂಬ ಅಂಜಿಕೆಯಲ್ಲೇ ಆಗಬೇಕು. ಯೋಗದಿಂದ ಕಾಫಿ ಬೆಲೆ ಏರುವುದಿಲ್ಲ, ಆನೆ ಕಾಡಿಗೆ ಹಿಂದಿರುಗುವುದಿಲ್ಲ. ಆದರೆ ಚಾಪೆಯಷ್ಟು ಜಾಗದಲ್ಲಿ, ಮನೆಯೊಳಗೇ ಮಾಡಬಹುದಾದ ವ್ಯಾಯಾಮ ಇದು. ಜೊತೆಗೆ ಉಸಿರಿನ ಅಭ್ಯಾಸ ರಾತ್ರಿಯ ನಿದ್ದೆಯನ್ನು ಹಿಂದಕ್ಕೆ ತಂದುಕೊಡಬಲ್ಲದು. ಉಸಿರು ಒಳಗೆಳೆದಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ವೇಗಸ್ ನರದ ಮೂಲಕ ನಿಧಾನವಾಗುತ್ತದೆ. ಆದ್ದರಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ: ನಿಮಿಷಕ್ಕೆ ಆರು ಉಸಿರು. ಭ್ರಾಮರಿಯೂ ಹೀಗೆಯೇ ನಿಶ್ವಾಸವನ್ನು ಉದ್ದಮಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, 'ಓಂ' ಎಂದು ಉಚ್ಚರಿಸುವಾಗ ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿದ್ದು ಸ್ಕ್ಯಾನ್‌ನಲ್ಲಿ ಕಂಡಿತ್ತು. ಖಿನ್ನತೆಗೆ ಚಿಕಿತ್ಸೆಯ ಜೊತೆ ಯೋಗ ಕೊಡುವ ಕೆಲಸವೂ ಅಲ್ಲಿ ನಡೆದಿದೆ. ಚಿಕಿತ್ಸೆಯ ಜೊತೆಗೆ ಎಂಬುದನ್ನು ಮರೆಯಬೇಡಿ. ಯೋಗ ಶುರುಮಾಡಿದೆನೆಂದು ಬಿಪಿ, ಶುಗರ್ ಮಾತ್ರೆಯನ್ನು ತಾವಾಗಿಯೇ ಬಿಡುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಊರಿನಲ್ಲಿ ತರಗತಿ ನಡೆಸುವುದಾದರೆ ಮೈಸೂರಿನ ಪದ್ಧತಿ ಅನುಸರಿಸಿ. ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಪ್ರತಿಯೊಬ್ಬರದ್ದೂ ಅವರವರ ಗತಿ. ಗುರು ಒಬ್ಬೊಬ್ಬರ ಬಳಿ ಬಂದು ಅವರಿಗೆ ಬೇಕಾದಷ್ಟೇ ಕಲಿಸುತ್ತಾರೆ. ಮೈಕಿನಲ್ಲಿ ಕೂಗಿ ನೂರು ಜನರನ್ನು ಒಟ್ಟಿಗೆ ಬಗ್ಗಿಸಿದರೆ ಅಜ್ಜಿಯ ಮಂಡಿಗೂ ಮೊಮ್ಮಗನ ಮಂಡಿಗೂ ಒಂದೇ ಅಳತೆಯಾಗುತ್ತದೆ. ಅದು ತಪ್ಪು.

ಕೊಯ್ಲಿನ ತಿಂಗಳುಗಳಲ್ಲಿ ನಸುಕಿನ ಚಳಿಗೆ ಮೈ ಮರಗಟ್ಟಿರುತ್ತದೆ. ಆಗ ತೋಟದಿಂದ ಬಂದ ಮೇಲೆ, ರಾತ್ರಿ ಊಟಕ್ಕೆ ಮುಂಚೆ ಮಾಡುವುದು ಮೇಲು. ಹೊಟ್ಟೆ ಖಾಲಿ ಇರಲಿ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಗ್ಲಾಕೋಮಾ ಇರುವವರು ಶೀರ್ಷಾಸನದ ತಂಟೆಗೆ ಹೋಗಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರುಮಾಡಿ. ಮಂಡಿನೋವಿನಿಂದ ನೆಲಕ್ಕೆ ಕೂರಲಾಗದವರು ನಿರಾಸೆಪಡಬೇಕಿಲ್ಲ. ಬಾಲ್ಯದಲ್ಲಿ ಕಾಯಿಲೆಗಳಿಂದ ಕಂಗೆಟ್ಟಿದ್ದ ಅಯ್ಯಂಗಾರರೇ ಮುಂದೆ ಕುರ್ಚಿ, ಹಗ್ಗ, ಮರದ ತುಂಡು ಬಳಸಿ ಮಾಡುವ ಆಸನಗಳನ್ನು ರೂಪಿಸಿದರು. ಅವುಗಳಲ್ಲಿ ಮನೆಯ ಸಾದಾ ಮರದ ಕುರ್ಚಿ ಸಾಕಾಗುವಂಥವನ್ನು ಮುಂದಿನ ವಾರ ಬರೆಯುತ್ತೇನೆ.