ಟೊಪ್ಪಿಗೆ ನೋಡಿದರು, ಮುಖ ಬಿಟ್ಟರು

ನನ್ನ ಆಫೀಸ್ ಲ್ಯಾಪ್‌ಟಾಪಿನ ವಾಲ್‌ಪೇಪರ್ ಒಂದು ಹಡಗು. 1861ರಲ್ಲಿ ಸದಾಹಿದೆ ಎಂಬ ಜಪಾನಿ ಕಲಾವಿದ ಮಾಡಿದ, ಐದು ಹಾಳೆಗಳ ಮರದಚ್ಚಿನ ಚಿತ್ರ. ಯೊಕೊಹಾಮಾ ಬಂದರಿನಲ್ಲಿ ಪಾಶ್ಚಾತ್ಯರ ಹಡಗು, ಇಳಿಜಾರು ಹಲಗೆ ಮೇಲೆ ಹೊರೆ ಹೊತ್ತ ಆಳುಗಳು, ಎಲ್ಲೆಲ್ಲೂ ಹಗ್ಗ. ಆ ಬಂದರು ವಿದೇಶಿಯರಿಗೆ ತೆರೆದದ್ದೇ 1859ರಲ್ಲಿ. ಕುದುರೆ ಏರಿದ ಮೇಡಮ್ಮು, ಚಾಕು-ಫೋರ್ಕಿನ ಊಟ, ಎಲ್ಲ ಅಚ್ಚಾಗಿ ಎಡೋದಲ್ಲಿ, ಅಂದ್ರೆ ಇವತ್ತಿನ ಟೋಕಿಯೊದಲ್ಲಿ, ಮಾರಾಟವಾಯ್ತು. ಬಹಳಷ್ಟು ಚಿತ್ರಗಳು ಅವಸರದವು. ಕೇಳಿದ್ದು, ವಿದೇಶಿ ಪತ್ರಿಕೆಯಲ್ಲಿ ಕಂಡದ್ದು ಸೇರಿಸಿ ಬರೆದವು. ಇಂಗ್ಲಿಷಿನವನನ್ನೂ ಫ್ರೆಂಚನನ್ನೂ ಅದಲುಬದಲು ಮಾಡಿದರೂ ಗೊತ್ತಾಗಲ್ಲ. ಕೋಟಿನ ಗುಂಡಿ ಮಾತ್ರ ಪಕ್ಕಾ.

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದ ಚಿಕ್ಕಪ್ಪನ ಮಗನ ಜೊತೆ ಹಂಪಿಗೆ ಹೋಗಿದ್ದೆ. ಮಹಾನವಮಿ ದಿಬ್ಬದ ಕೆಳಗಿನ ಸಾಲುಗಳಲ್ಲಿ ನಿಲುವಂಗಿ, ಚೂಪು ಟೊಪ್ಪಿಗೆಯ ಪರದೇಶಿಗಳಿದ್ದಾರೆ. ತುರ್ಕರೋ ಪರ್ಷಿಯನ್ನರೋ, ಚರ್ಚೆ ಇದೆ. ವಿಜಯನಗರಕ್ಕೆ ಕುದುರೆಗಳು ಅರಬ್ಬಿ ಸಮುದ್ರ ದಾಟಿ ಭಟ್ಕಳದಂಥ ಬಂದರುಗಳಲ್ಲಿ ಇಳಿದು ಬರ್ತಿದ್ದವು. ಹುಡುಗ ಸ್ವಲ್ಪ ಹೊತ್ತು ನೋಡಿ ಅಂದ: "ಅಣ್ಣ, ಇವ್ರೆಲ್ಲರ್ದೂ ಒಂದೇ ಮುಖ ಐತಿ ನೋಡು."

ಕಲ್ಲು ಸವೆದಿದೆ, ನಿಜ. ಆದರೂ ಅವನು ಹೇಳಿದ್ದು ಯೊಕೊಹಾಮಾ ಚಿತ್ರಗಳಿಗೂ ಸರಿ. ಹೊಸಬ ಬಂದಾಗ ಕಲಾವಿದನ ಕಣ್ಣು ಮೊದಲು ಹೋಗೋದು ಬಟ್ಟೆಗೆ. ಇದು ದೋಷವೇ. ಆದರೆ ನನಗಿಷ್ಟವಾದ ದೋಷ, ಯಾಕಂದ್ರೆ ಇಲ್ಲಿ ನೋಡುತ್ತಿರುವವನು ಊರಿನವನು. 1856ರಲ್ಲಿ ಕಂಪನಿ ಸೈನ್ಯದ ಅಧಿಕಾರಿ ಗ್ರೀನ್‌ಲಾ ಹಂಪಿಯ ಫೋಟೊ ತೆಗೆದ. ಅದ್ಭುತ ಫೋಟೊಗಳು, ಅನುಮಾನವೇ ಇಲ್ಲ. ನಾವು ಹಂಪಿಯನ್ನು ಇವತ್ತಿಗೂ ಹೆಚ್ಚುಕಡಿಮೆ ಆ ಚೌಕಟ್ಟಲ್ಲೇ ನೋಡ್ತೀವಿ: ಪಾಳು, ನಿಶ್ಶಬ್ದ. ಐದು ವರ್ಷ ಬಿಟ್ಟು ಸದಾಹಿದೆ ಪಾಶ್ಚಾತ್ಯರನ್ನೇ ಚೌಕಟ್ಟಿಗೆ ಹಾಕಿದ. ದಿಬ್ಬದ ಶಿಲ್ಪಿ ಆ ಕೆಲಸ ಅದಕ್ಕೂ ಎಷ್ಟೋ ಮುಂಚೆ ಮಾಡಿದ್ದ. ಸೆಲ್ಫಿಗೆ ನಾವು ಅವನ ಕಡೆ ಬೆನ್ನು ಹಾಕಿ ನಿಲ್ತೀವಿ, ನಾನೂ ನಿಂತಿದ್ದೀನಿ.

ವಾಪಸ್ ಬರುವಾಗ ಬೇರೆ ಯೋಚನೆ. 2000ದ ದಶಕದಲ್ಲಿ ನಮ್ಮ ಜಿಲ್ಲೆಯ ಅದಿರು ಲಾರಿಗಟ್ಟಲೆ ಬೇಲೇಕೇರಿ ಬಂದರಿಗೆ ಹೋಗಿ ಚೀನಾದ ಹಾದಿ ಹಿಡಿಯಿತು. ಬಳ್ಳಾರಿಗೆ ಹೊಸ ಕಾರು, ಹೊಸ ಬಂಗಲೆ, ಹೊಸ ನಡಿಗೆ ಬಂತು. ಲೋಕಾಯುಕ್ತ ವರದಿ ಇದೆ, ಪೇಪರ್ ಕಟಿಂಗ್ ಇದೆ. ಆ ಕಾರಿನ ಬಣ್ಣ, ಡ್ರೈವರನ ಸಫಾರಿ, ಕೆಂಪು ಧೂಳು ಕೂತ ಬೇವಿನ ಮರ, ಇವನ್ನೆಲ್ಲ ಒಂದೇ ಹಾಳೆಗೆ ತಂದ ಚಿತ್ರ ನನ್ನ ಕಣ್ಣಿಗಿನ್ನೂ ಬಿದ್ದಿಲ್ಲ. ಬಿದ್ದರೆ ವಾಲ್‌ಪೇಪರ್ ಬದಲಾಯಿಸ್ತೀನಿ.